ಬಾಗಿಲಿನ ತೂಕ

ವಿನಿಪೆಗ್, ಜನವರಿ. ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಇಂಥ ಚಳಿಯಲ್ಲೇ ಆಗಬೇಕು ಈ ಪರೀಕ್ಷೆ, ಅಂದವಳು ನಾನೇ.
ಬೇಸಿಗೆಯಲ್ಲಿ ಕಟ್ಟಡ ಸುಳ್ಳು ಹೇಳುತ್ತದೆ.

ಆರು ವಾರ ಪತ್ರ ಬರೆದೆ.
ಅಗ್ನಿಶಾಮಕದವರಿಗೆ; ಅಲಾರಂ ಕಂಪನಿಗೆ,
ರಾತ್ರಿ ಹತ್ತರಿಂದ ನಾಲ್ಕು, ಗಂಟೆ ಬಡಿದರೂ ಬಂಡಿ ಬೇಡ ಅಂತ;
ಲಿಫ್ಟಿನವರಿಗೆ, ಫ್ಯಾನಿನವರಿಗೆ,
ಇಲ್ಲಿ ತಂತಿ ಎಳೆದು ಈಗ ಬೇರೆ ಊರು ಸೇರಿರುವ ಗುತ್ತಿಗೆದಾರನಿಗೆ;
ಒಂಬತ್ತನೇ ಮಹಡಿಯ ಹಲ್ಲಿನ ಡಾಕ್ಟರಿಗೆ.
ಅವನು ತನ್ನ ಗಾಜಿನ ತೊಟ್ಟಿಯ ಮೀನುಗಳಿಗೇನಾಗುತ್ತದೆ ಅಂತ ಮೂರು ಸಲ ಕೇಳಿದ.
ಏನೂ ಆಗುವುದಿಲ್ಲ ಅಂತ ಮೂರು ಸಲ ಬರೆದೆ.
ರೇಡಿಯೋದವರು, ಹನ್ನೆರಡರ ಸುದ್ದಿ ಮುಗಿಯುವ ತನಕ
ಒಂದು ಫ್ಯಾನೂ ಉಸಿರೆತ್ತಕೂಡದು ಅಂದರು.
ಒಬ್ಬನಿಗೆ ಬಿಡುವಿದ್ದ ದಿನ ಇನ್ನೊಬ್ಬನ ತಂಗಿಯ ಮದುವೆ.
ಮೂಗು ಹಿಡಿದರೆ ಬಾಯಿ ತೆರೆಯುತ್ತದಂತೆ.
ನಾನು ಮೂಗು ಹಿಡಿದಾಗಲೆಲ್ಲ ಕಿವಿ ರಜೆ ಹಾಕಿತ್ತು.

ಲೋರ್ನ್ ಫ್ರೀಸನ್, ಇಪ್ಪತ್ತೆಂಟು ವರ್ಷ ಈ ಕಟ್ಟಡದ ಬಾಯ್ಲರು ಕಾದವನು,
ಹೊಗೆಯಂತ್ರವನ್ನು ಎರಡನೇ ಮಹಡಿಗೆ ತಳ್ಳಿಕೊಂಡು ಬಂದ.
ನಾಟಕದವರಿಂದ ಬಾಡಿಗೆಗೆ ತಂದದ್ದು. ಬಿಳಿ ಹೊಗೆ, ಸಿಹಿ ವಾಸನೆ.
ಬೆಂಕಿಯಿಲ್ಲದೆ ಹೊಗೆಯಾಡದು ಅನ್ನುವವರು
ನಮ್ಮ ಬಿಲ್ಲು ನೋಡಲಿ: ಎರಡು ರಾತ್ರಿಗೆ ನಾನೂರು ಡಾಲರು.

ಹನ್ನೆರಡೂ ಹತ್ತಕ್ಕೆ ಕೀಲಿ ತಿರುಗಿಸಿದೆ.
ಗಂಟೆಗಳು ಬಡಿದವು. ನೆತ್ತಿಯಲ್ಲಿ ಫ್ಯಾನು ಎದ್ದಿತು.
ಗಾಳಿಕಿಂಡಿಗಳು ಸಾಲಾಗಿ ಮುಚ್ಚಿದವು;
ಏಳನೇ ಮಹಡಿಯದು ಸ್ವಲ್ಪ ಯೋಚಿಸಿ ಮುಚ್ಚಿತು, ಬರೆದುಕೊಂಡೆ.
ಹೊಗೆ ಕಾರಿಡಾರಿನಲ್ಲಿ ಅಡ್ಡಾಡಿ
ಮೆಟ್ಟಿಲ ಬಾಗಿಲ ಸಂದಿಗೆ ಮೂಗು ತೂರಿಸಿ
ಹಿಂದೆ ಸರಿಯಿತು, ಕರೆಯದ ಮನೆಯ ಹೊಸ್ತಿಲಲ್ಲಿ ನಿಂತ ನೆಂಟನ ಹಾಗೆ.
ಕಾಗದದ ಮೇಲೆ ಎಲ್ಲ ಸರಿ.

ಆಮೇಲೆ ಬಾಗಿಲುಗಳು. ಬಲ ಅಳೆಯುವ ಮಾಪಕ ಹಿಡಿದು ಮಹಡಿ ಮಹಡಿ.
ಮೂರರಲ್ಲಿ ಎಂಬತ್ತು ನ್ಯೂಟನ್. ಹತ್ತರಲ್ಲಿ ನೂರ ಹನ್ನೆರಡು.
ಮಿತಿ ನೂರ ಮೂವತ್ತಮೂರು.
ಹೊರಗೆ ಹೆಪ್ಪುಗಟ್ಟಿದಷ್ಟೂ ಒಳಗಿನ ಬೆಚ್ಚನೆ ಗಾಳಿ
ಮೆಟ್ಟಿಲ ಕೊಳವೆ ಹತ್ತಿ ಹೋಗಿ
ಮೇಲಿನ ಬಾಗಿಲುಗಳಿಗೆ ಬೆನ್ನು ಕೊಟ್ಟು ಕೂರುತ್ತದೆ.

ಹದಿನೆಂಟರಲ್ಲಿ ಬಾಗಿಲ ಆಚೆಯಿಂದ ಯಾರೋ ಬಡಿಯುತ್ತಿದ್ದರು.

ನನ್ನ ಪಟ್ಟಿಯಲ್ಲಿ ನಲವತ್ತೇಳು ಹೆಸರು.
ಆ ಪ್ರಕಾರ ಅಲ್ಲಿ ಯಾರೂ ಇರಕೂಡದು.
ಇದ್ದಳು: ಟೆರೆಸಿಟಾ ಮಗ್ಬನುವಾ, ನೆಲ ಒರೆಸುವವಳು,
ಏಜೆನ್ಸಿಯವರು ಇನ್ನೊಬ್ಬಳ ಬದಲಿಗೆ ಕಳಿಸಿದವಳು.
ಗಂಟೆ ಕೇಳಿ, ಬಕೆಟ್ಟು ಬಿಟ್ಟು,
ಗೋಡೆಯ ಚಿತ್ರ ಹೇಳಿದ ಹಾಗೇ ಮೆಟ್ಟಿಲಿಗೆ ಬಂದಿದ್ದಾಳೆ.
ಭುಜ ಕೊಟ್ಟು ತಳ್ಳಿದ್ದಾಳೆ. ಗಾಳಿ ವಾಪಸು ತಳ್ಳಿದೆ.
ಅವಳನ್ನು ಕಾಯಲೆಂದೇ ಊದಿದ ಗಾಳಿ.

ಈ ಕಡೆಯಿಂದ ಕಾಲೂರಿ ಎಳೆದೆ.
ತೆರೆದ ರಭಸಕ್ಕೆ ನನ್ನ ಮೇಲೇ ಬಿದ್ದಳು, ಕೈತುಂಬ ಸೋಪಿನ ವಾಸನೆ.
"ಬೆಂಕಿ ಎಲ್ಲಿ?"
"ಇಲ್ಲ. ಬರೀ ಪರೀಕ್ಷೆ."
"ಇದ್ದಿದ್ದರೆ?"

ಅಳೆದೆ. ನೂರ ತೊಂಬತ್ತಾರು.
ವಾಕಿಟಾಕಿಯಲ್ಲಿ ಲೋರ್ನ್: "ಚಳಿ ಇಳಿದರೆ ಸರಿಹೋಗುತ್ತೆ,
ಏಪ್ರಿಲ್‌ನಲ್ಲಿ ಇನ್ನೊಮ್ಮೆ ಅಳೆಯೋಣ."
ಕೆಟ್ಟವನಲ್ಲ. ನಿದ್ದೆಗೆಟ್ಟವನು.

ಫ್ಯಾನಿನ ವೇಗ ಇಳಿಸುತ್ತ ಹೋದೆವು.
ಮಾಪಕ ಚೀಲ ಸೇರಿತು; ಟೆರೆಸಿಟಾಳೇ ತಳ್ಳಿ ನೋಡುತ್ತಿದ್ದಳು,
ಇನ್ನೂ ಇಲ್ಲ, ಇನ್ನೂ ಇಲ್ಲ, ಹಾಂ.
ಹದಿನೆಂಟು ಸಡಿಲಿಸಿದ್ದೇ ತಡ
ಎರಡರಲ್ಲಿ ಹೊಗೆ ಮೆಟ್ಟಿಲೊಳಕ್ಕೆ ಇಣುಕಿತು.
ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಾಲದ ಹೊದಿಕೆ.
ನಾಳೆ ರಾತ್ರಿ ಮತ್ತೆ, ಅಂತ ಬರೆದೆ. ಮತ್ತೆ ಎಲ್ಲರಿಗೂ ಪತ್ರ.

ನಲವತ್ತೆಂಟನೇ ಹೆಸರು ತಪ್ಪಾಗಿ ಬರೆದಿದ್ದೆ,
ಪೆನ್ನು ಕಸಿದುಕೊಂಡು ಅವಳೇ ತಿದ್ದಿದಳು.

ನಾಲ್ಕಕ್ಕೆ ಗೇಜು, ಪೈಪು, ತಂತಿ ಸುತ್ತಿಕೊಂಡು ಇಳಿದಾಗ
ಎರಡನೇ ಮಹಡಿಯಲ್ಲಿ ಅವಳು ಮಂಡಿಯೂರಿದ್ದಳು.
ನಮ್ಮ ಹೊಗೆ ನೆಲದ ಮೇಲೆ ತೆಳ್ಳಗೆ ಜಿಡ್ಡು ಬಿಟ್ಟಿತ್ತು.
ಅದನ್ನು ಒರೆಸುವುದಕ್ಕೆ
ನಾನು ಯಾರಿಗೂ ಪತ್ರ ಬರೆದಿರಲಿಲ್ಲ.